ಇಂದಿನ ಧಮ್ಮ ಚಿಂತನೆ: ಕತ್ತು ಚಾಚಿದ ಆಮೆ



ಈ ಚಿಂತನೆಯನ್ನು ನಾನು ಹೋದ ತಿಂಗಳೇ ಬರೆಯಬೇಕಿತ್ತು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ, ಅದಾದ ಮೇಲೆ ಪ್ರವಾಸ ಎಂದು ಮುಂದೂಡುತ್ತಾ ಬಂದೆ. ಸಂಚಾಲಕರು ಎರಡು ಸಲ ನೆನಪಿಸಿದರು. ಕ್ಷಮೆ ಇರಲಿ.

ನಮ್ಮ ಭಾನುವಾರದ ಓದಿನಲ್ಲಿ ಕುಮ್ಮೋಪಮ ಸುತ್ತ ಬಂದಿದ್ದು ನಿಮಗೆಲ್ಲ ನೆನಪಿರಬಹುದು. ಸಂಯುತ್ತ ನಿಕಾಯದ ಪುಟ್ಟ ಸುತ್ತ. ಸಂಜೆ ಹೊತ್ತು ನದಿಯ ದಡದಲ್ಲಿ ಆಮೆಯೊಂದು ಮೇವು ಹುಡುಕುತ್ತಿದೆ. ಅದೇ ದಡಕ್ಕೆ ನರಿಯೂ ಬಂದಿದೆ. ದೂರದಿಂದಲೇ ನರಿಯನ್ನು ಕಂಡ ಆಮೆ ನಾಲ್ಕು ಕಾಲು, ಐದನೆಯದಾಗಿ ಕತ್ತು, ಎಲ್ಲವನ್ನೂ ಚಿಪ್ಪಿನೊಳಗೆ ಎಳೆದುಕೊಂಡು ಸುಮ್ಮನಾಗುತ್ತದೆ. ಒಂದಾದರೂ ಅಂಗ ಹೊರಗೆ ಬಂದರೆ ಹಿಡಿದು ತಿನ್ನೋಣ ಎಂದು ನರಿ ಪಕ್ಕದಲ್ಲೇ ಕಾಯುತ್ತದೆ. ಅವಕಾಶ ಸಿಗದೆ ಕೊನೆಗೆ ಹೊರಟುಹೋಗುತ್ತದೆ. ಮಾರನೂ ಹೀಗೆಯೇ ನಮ್ಮ ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸುಗಳ ಬಾಗಿಲಲ್ಲಿ ಕಾಯುತ್ತಿರುತ್ತಾನೆ, ಇಂದ್ರಿಯಗಳನ್ನು ಕಾಪಾಡಿಕೊಳ್ಳಿ ಎಂದು ಭಗವಾನರು ಭಿಕ್ಖುಗಳಿಗೆ ಹೇಳುತ್ತಾರೆ.

ಅಂದು ಈ ಸುತ್ತವನ್ನು ವಿವರಿಸಿದವಳು ನಾನೇ. ಚೆನ್ನಾಗಿ ಹೇಳಿದಿರಿ ಮೇಡಂ ಎಂದು ಹಲವರು ಅಂದಿರಿ. ಆ ಮೆಚ್ಚುಗೆಯ ಬಗ್ಗೆಯೇ ಇವತ್ತು ಸ್ವಲ್ಪ ತಪ್ಪೊಪ್ಪಿಗೆ ಮಾಡಬೇಕಾಗಿದೆ.

ಅಮ್ಮ ಹೋಗಿ ಎರಡು ವರ್ಷವಾಯಿತು. ಕೊನೆಯ ಹದಿನಾಲ್ಕು ತಿಂಗಳು ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ನಾನು ತಿಂಗಳು ತಪ್ಪದೆ ದುಡ್ಡು ಕಳಿಸುತ್ತಿದ್ದೆ. ಹೋಗುತ್ತಿದ್ದುದು ಅಪರೂಪ. ಶಾಲೆ, ಪರೀಕ್ಷೆ, ಮಗಳ ಟ್ಯೂಷನ್, ಕಾರಣಗಳಿಗೇನು ಬರ? ತಿಥಿಯ ದಿನ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಅಕ್ಕ ನಾಲ್ಕು ಜನರ ಎದುರಿಗೆ ಒಂದು ಮಾತು ಅಂದಳು: "ಅಮ್ಮನಿಗೆ ಮಗಳು ಬೇಕಿತ್ತು ಕಣೇ, ನಿನ್ನ ಫೋನ್‌ಪೇ ಅಲ್ಲ."

ಅವತ್ತಿನಿಂದ ನಾನು ಅಕ್ಕನ ಜೊತೆ ಮಾತಾಡಲಿಲ್ಲ. ಎರಡು ಯುಗಾದಿಗೂ ಅವಳೇ ಫೋನ್ ಮಾಡಿದಳು, ಎತ್ತಲಿಲ್ಲ. ಜಗಳ ಆಡಲಿಲ್ಲ, ತಿರುಗಿ ಒಂದು ಮಾತೂ ಅನ್ನಲಿಲ್ಲ ಎಂಬ ಹೆಮ್ಮೆ ಬೇರೆ. ಮನಸ್ಸು ಕೆಡಿಸುವ ಮಾತು ಕಿವಿಗೆ ಬೀಳದಂತೆ ನೋಡಿಕೊಳ್ಳುವುದಕ್ಕೆ ಇಂದ್ರಿಯ ಸಂವರ ಎಂದು ಹೆಸರಿಟ್ಟುಕೊಂಡಿದ್ದೆ. ಕುಮ್ಮೋಪಮ ಸುತ್ತವನ್ನು ಅಷ್ಟು ಚೆನ್ನಾಗಿ ವಿವರಿಸಲು ಆದದ್ದು ಅದರಿಂದಲೇ ಇರಬೇಕು.

ಈ ರಜೆಯಲ್ಲಿ ನಾವು ಸೇಶೆಲ್ಸ್‌ಗೆ ಹೋಗಿದ್ದೆವು. ನನ್ನ ಮೈದುನ ಅಲ್ಲಿ ಮಾಹೆ ದ್ವೀಪದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಉಳಿಯಲು ಅವನ ಮನೆ ಇಲ್ಲದಿದ್ದರೆ ಮೇಷ್ಟ್ರ ಸಂಬಳಕ್ಕೆ ಅದು ಎಟುಕುವ ಊರಲ್ಲ. ಮಾಹೆಯಿಂದ ಪ್ರಾಸ್ಲಿನ್ ದ್ವೀಪಕ್ಕೆ ಹಡಗು, ಅಲ್ಲಿಂದ ಸಣ್ಣ ದೋಣಿಯಲ್ಲಿ ಕ್ಯೂರಿಯಸ್ ಎಂಬ ಇನ್ನೂ ಚಿಕ್ಕ ದ್ವೀಪಕ್ಕೆ. ದೋಣಿ ಇಳಿದು ಮರಳು ದಾಟಿದರೆ ಮರಗಳ ನೆರಳಿನಲ್ಲಿ ಬಂಡೆಗಳು. ಒಂದು ಬಂಡೆ ಎದ್ದು ನಡೆಯತೊಡಗಿತು.

ಅವು ಅಲ್ಡಾಬ್ರಾ ದೈತ್ಯ ಆಮೆಗಳು. ನೆಲದ ಮೇಲೆ ಬದುಕುವ ಜಾತಿ. ದೊಡ್ಡ ಗಂಡು 250 ಕೆಜಿ ತೂಗುತ್ತದೆ. ಬೇಲಿ ಇಲ್ಲ, ಬೋನಿಲ್ಲ, ದನ ಮೇಯುವ ಹಾಗೆ ಮೇಯುತ್ತಿರುತ್ತವೆ. ಅಲ್ಲಿನವರು ತಕಮಕ ಎಂದು ಕರೆಯುವ ಮರ ನಮ್ಮ ಕರಾವಳಿಯ ಸುರಹೊನ್ನೆಯೇ. ಅದರಡಿ ನಿಂತಾಗ ಪರದೇಶ ಅನ್ನಿಸಲಿಲ್ಲ.

ಅಲ್ಲಿನ ರೇಂಜರ್ ಹೆಣ್ಣುಮಗಳು ಮೊದಲೇ ಹೇಳಿದ್ದರು: ಮೇಲೆ ಹತ್ತಬೇಡಿ, ಅದಕ್ಕೆ ಕಾಣುವ ಹಾಗೆ ನಿಧಾನವಾಗಿ ಹೋಗಿ. ಒಂಬತ್ತನೇ ಕ್ಲಾಸಿನ ನನ್ನ ಮಗಳಿಗೆ ಅಷ್ಟು ತಾಳ್ಮೆ ಎಲ್ಲಿ? ಓಡಿಹೋಗಿ ಹಿಂದಿನಿಂದ ಚಿಪ್ಪು ತಟ್ಟಿದಳು. ಬುಸ್ಸೆಂದು ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತೆ ಸದ್ದು ಮಾಡಿ, ಕತ್ತು ಒಳಗೆಳೆದು, ಮುಂಗಾಲುಗಳನ್ನು ಬಾಗಿಲಿನ ಹಾಗೆ ಅಡ್ಡ ಇಟ್ಟುಕೊಂಡಿತು. ಸಿಟ್ಟಿನ ಸದ್ದಲ್ಲವಂತೆ. ಒಳಗೆ ಜಾಗ ಸಾಲದು, ಅಂಗಗಳನ್ನು ಎಳೆದುಕೊಳ್ಳಬೇಕಾದರೆ ಶ್ವಾಸಕೋಶದ ಗಾಳಿ ಹೊರಗೆ ಹೋಗಲೇಬೇಕು. ಮಗಳು ಹೆದರಿ ಹಿಂದೆ ಸರಿದಳು. ನನಗೆ ಮಾತ್ರ ಒಳಗೊಳಗೇ ಖುಷಿ. ಸುತ್ತದಲ್ಲಿ ಓದಿದ್ದು ಕಣ್ಣೆದುರಿಗೇ ಇತ್ತು.

ರೇಂಜರ್ ನಕ್ಕು ನಮ್ಮನ್ನು ಸ್ವಲ್ಪ ದೂರ ಕೂರಿಸಿದರು. ಒಂದೆರಡು ನಿಮಿಷ ಕಳೆಯಿತು. ಮುಂಗಾಲು ಸರಿಯಿತು. ಸುಕ್ಕುಗಟ್ಟಿದ ಕತ್ತು ಒಂದೊಂದೇ ಬೆರಳಿನಷ್ಟು ಹೊರಗೆ ಬಂತು. ಆಗ ಅವರು ಎದುರಿನಿಂದ ಹೋಗಿ, ಗದ್ದದ ಕೆಳಗೆ ಮೆಲ್ಲಗೆ ಕೆರೆದರು. ಆ ಪ್ರಾಣಿ ಏನು ಮಾಡಿತು ಗೊತ್ತೆ? ನಾಲ್ಕೂ ಕಾಲಿನ ಮೇಲೆ ಎತ್ತರಕ್ಕೆ ಎದ್ದು ನಿಂತು, ಕತ್ತನ್ನು ಪೂರ್ತಿ ಚಾಚಿ, ಕಣ್ಣು ಅರ್ಧ ಮುಚ್ಚಿ ಅಲುಗಾಡದೆ ನಿಂತಿತು. ಅಷ್ಟು ಉದ್ದ ಕತ್ತು ಆ ಚಿಪ್ಪಿನೊಳಗೆ ಎಲ್ಲಿ ಮಡಚಿತ್ತೋ! ಗಾಲಪಗೋಸ್ ದ್ವೀಪಗಳ ದೈತ್ಯ ಆಮೆಗಳೂ ಹೀಗೆಯೇ ಎದ್ದು ನಿಲ್ಲುತ್ತವೆ. ಫಿಂಚ್ ಹಕ್ಕಿಗಳು ಬಂದು ಕತ್ತಿನ, ಕಾಲಿನ ಸಂದಿಯ ಉಣುಗು ಹೆಕ್ಕುತ್ತವೆ. ನನ್ನನ್ನೂ ಕರೆದರು. ಆ ಚರ್ಮ ಒಣಗಿದ ಕೆರೆಯಂತೆ ಒರಟು, ಆದರೆ ಬೆಚ್ಚಗೆ. ನಾನು ಕೈ ತೆಗೆದ ಮೇಲೂ ಅದು ಸ್ವಲ್ಪ ಹೊತ್ತು ಹಾಗೆಯೇ ಕತ್ತು ಚಾಚಿಕೊಂಡು ನಿಂತಿತ್ತು, ಇನ್ನೂ ಸ್ವಲ್ಪ ಎನ್ನುವಂತೆ.

ಚಾಚಿದ್ದು ಮನುಷ್ಯರ ಕೈಗೆ ಎಂಬುದನ್ನು ಮರೆಯಬೇಡಿ. ಇವುಗಳ ಬಂಧುಗಳನ್ನು ಹಿಂದೂ ಮಹಾಸಾಗರದ ದ್ವೀಪದಿಂದ ದ್ವೀಪಕ್ಕೆ ತಿಂದು ಮುಗಿಸಿದವರು ನಾವೇ. ಮೇವು ನೀರಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ ಎಂದು ಹಡಗಿನವರು ಜೀವಂತ ಹೊತ್ತೊಯ್ಯುತ್ತಿದ್ದರು. ನರಿಯಿಂದ ಕಾಪಾಡಿದ ಚಿಪ್ಪು ಹಡಗಿನಿಂದ ಕಾಪಾಡಲಿಲ್ಲ. 1874ರಲ್ಲಿ ಡಾರ್ವಿನ್ ಮತ್ತು ಕೆಲವು ವಿಜ್ಞಾನಿಗಳು ಸೇರಿ, ಅಲ್ಡಾಬ್ರಾದಲ್ಲಿ ಉಳಿದವನ್ನಾದರೂ ರಕ್ಷಿಸಿ ಎಂದು ಮಾರಿಷಸ್ ಗವರ್ನರ್‌ಗೆ ಪತ್ರ ಬರೆದರು. ಇಂದು ಆ ಹವಳದ್ವೀಪದಲ್ಲಿ ಸುಮಾರು ಒಂದು ಲಕ್ಷ ಆಮೆಗಳಿವೆ. ಕ್ಯೂರಿಯಸ್‌ನಲ್ಲಿರುವವು 1970ರ ದಶಕದ ಕೊನೆಯಿಂದ ಅಲ್ಲಿಂದ ತಂದು ಬಿಟ್ಟ ಸಂತತಿ.

ಚಿಪ್ಪು ಅದರ ಮನೆ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ಅದು ತಪ್ಪು. ಬೆನ್ನುಮೂಳೆ, ಪಕ್ಕೆಲುಬುಗಳೇ ಬೆಸೆದು ಚಿಪ್ಪಾಗಿವೆ. ಅದರಲ್ಲಿ ನರಗಳಿವೆ, ಮುಟ್ಟಿದರೆ ತಿಳಿಯುತ್ತದೆ. ಒಳಗೆ ಎಳೆದುಕೊಂಡ ಮಾತ್ರಕ್ಕೆ ಏನೂ ತಾಗುವುದಿಲ್ಲ ಎಂದಲ್ಲ.

ಅಲ್ಲಿಂದ ಕಾಂಡ್ಲಾ ಕಾಡಿನ ನಡುವಿನ ದಾರಿ ಹಿಡಿದು ನಡೆದರೆ ದ್ವೀಪದ ಇನ್ನೊಂದು ದಡದಲ್ಲಿ ಹಳೆಯ ಮರದ ಮನೆಯೊಂದಿದೆ, ವೈದ್ಯರ ಮನೆ. 1833ರಿಂದ ಈ ದ್ವೀಪಕ್ಕೆ ಕುಷ್ಠರೋಗಿಗಳನ್ನು ತಂದಿಡುತ್ತಿದ್ದರು. 1965ರವರೆಗೂ ಇಲ್ಲಿ ಅವರ ವಸತಿ ಇತ್ತು. ಆ ಜಗುಲಿಯಲ್ಲಿ ನೀರು ಕುಡಿಯುತ್ತಾ ಕೂತಾಗ ವಿನಯ ಪಿಟಕದ ಪ್ರಸಂಗ ನೆನಪಾಯಿತು. ಹೊಟ್ಟೆಬೇನೆಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಖು. ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಭಗವಾನರು ಆನಂದನಿಂದ ನೀರು ತರಿಸಿ, ತಾವೇ ಸುರಿದರು, ಆನಂದ ತೊಳೆದ. ತಲೆಯ ಕಡೆ ಒಬ್ಬರು, ಕಾಲ ಕಡೆ ಒಬ್ಬರು ಹಿಡಿದು ಮಂಚದ ಮೇಲೆ ಮಲಗಿಸಿದರು. ಆಮೇಲೆ, ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದು ಸಂಘಕ್ಕೆ ತಿಳಿಸಿದರು.

ಈ ಪ್ರಸಂಗವನ್ನು ನಾನು ಎಷ್ಟು ಸಲ ಹೇಳಿಲ್ಲ! ಅಮ್ಮನ ಬೆನ್ನಿನ ಹುಣ್ಣು ತೊಳೆದವಳು ಅಕ್ಕ. ಹದಿನಾಲ್ಕು ತಿಂಗಳು ತೊಳೆದಳು. ಸುತ್ತ, ವಿನಯ ಯಾವುದನ್ನೂ ಓದದವಳು. ಅವಳು ಅಂದ ಮಾತು ಅಷ್ಟು ಚುಚ್ಚಿದ್ದು ಅದು ಸುಳ್ಳಾಗಿದ್ದರಿಂದಲ್ಲ.

ಮಜ್ಝಿಮ ನಿಕಾಯದ ಕೊನೆಯ ಸುತ್ತವನ್ನು ಊರಿಗೆ ಬಂದ ಮೇಲೆ ಮತ್ತೆ ತೆಗೆದು ನೋಡಿದೆ. ಉತ್ತರ ಎಂಬ ಯುವಕ, ತನ್ನ ಗುರು ಪಾರಾಸರಿಯ ಕಣ್ಣಿನಿಂದ ನೋಡದಿರುವುದನ್ನು, ಕಿವಿಯಿಂದ ಕೇಳದಿರುವುದನ್ನು ಇಂದ್ರಿಯ ಭಾವನೆ ಎಂದು ಕಲಿಸುತ್ತಾನೆ ಎನ್ನುತ್ತಾನೆ. ಹಾಗಾದರೆ ಕುರುಡರೂ ಕಿವುಡರೂ ಸಿದ್ಧಿ ಪಡೆದವರೇ ಆಗಬೇಕಲ್ಲ ಎಂದು ಭಗವಾನರು ಕೇಳುತ್ತಾರೆ. ಉತ್ತರ ತಲೆ ತಗ್ಗಿಸಿ ಕೂರುತ್ತಾನೆ. ನನಗೂ ಹಾಗೆಯೇ ಆಯಿತು. ಕುಮ್ಮೋಪಮದ ಆಮೆ ಚಿಪ್ಪಿನೊಳಗೆ ಹೋದದ್ದು ನರಿಯನ್ನು ಕಂಡು. ನರಿ ಹೋದ ಮೇಲೆ ಅದು ಮತ್ತೆ ಮೇವಿಗೆ ಹೊರಡದೆ ಇದ್ದೀತೇ? ನಾನಾದರೋ ಅಕ್ಕನನ್ನು ನರಿ ಎಂದುಕೊಂಡೆ. ನಿಜವಾದ ನರಿ, ನನ್ನ ಸಿಟ್ಟು ಮತ್ತು ನಾಚಿಕೆ, ಅದನ್ನು ಒಳಗೇ ಇಟ್ಟುಕೊಂಡು ಎರಡು ವರ್ಷ ಚಿಪ್ಪು ಮುಚ್ಚಿಕೊಂಡಿದ್ದೆ.

ಅವತ್ತು ಸಂಜೆ ಪ್ರಾಸ್ಲಿನ್‌ನ ಹಡಗುಕಟ್ಟೆಯಲ್ಲಿ ಗಂಟೆ ಆರೂವರೆ. ಊರಿನಲ್ಲಿ ಎಂಟು, ಅಕ್ಕನ ಊಟದ ಹೊತ್ತು. ಫೋನ್ ಮಾಡಿದೆ. ಮೂರನೇ ರಿಂಗಿಗೆ ಎತ್ತಿದಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೇಳಬೇಕೆಂದಿದ್ದ ಮಾತು ಗಂಟಲು ದಾಟಲಿಲ್ಲ. ಬಾಯಿಗೆ ಬಂದದ್ದು ಆಮೆಯ ವಿಷಯ. ಇಷ್ಟು ದೊಡ್ಡದು, ಕತ್ತು ಕೆರೆದರೆ ಎದ್ದು ನಿಲ್ಲುತ್ತದೆ, ನಾನೂ ಮುಟ್ಟಿದೆ ಎಂದೆ.

"ಕಚ್ಚಲಿಲ್ವೇನೇ?" ಅಂದಳು ಅಕ್ಕ.

"ಇಲ್ಲ ಅಕ್ಕ."

"ಊಟ ಆಯ್ತಾ?"

ಈ ಭಾನುವಾರದ ಓದಿಗೆ ನಾನು ಬರುವುದಿಲ್ಲ ಬಂಧುಗಳೇ. ಅಕ್ಕನ ಊರಿಗೆ ಹೋಗುತ್ತಿದ್ದೇನೆ. ನೀನು ಅಂದದ್ದು ನಿಜ ಎಂಬುದನ್ನು ಅವಳ ಎದುರು ಕೂತೇ ಹೇಳಬೇಕು. ಕುಮ್ಮೋಪಮ ಸುತ್ತವನ್ನು ಇನ್ನೊಮ್ಮೆ ಓದಬೇಕೆಂದು ಕೆಲವರು ಕೇಳಿದ್ದಿರಿ. ಈ ಸಲ ಬೇರೆ ಯಾರಾದರೂ ವಿವರಿಸಿ.