ಕರಿಬೆಕ್ಕಿನ ಬಿಲ್ಲೆ

ಹವ್ಯಾಸಕ್ಕೂ ನೀತಿಗೂ ಸಂಬಂಧವುಂಟೇ ಎಂದು ಕೇಳಿದರೆ ನಮ್ಮಲ್ಲಿ ಅನೇಕರು ನಕ್ಕುಬಿಡುತ್ತಾರೆ. ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಮೊದಲಾದವನ್ನು ಕೂಡಿಡುವವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅದರಿಂದ ಯಾರಿಗೂ ಕೇಡಾದದ್ದಿಲ್ಲ. ಆದರೆ ಯುರೋಪು ಅಮೆರಿಕಗಳಲ್ಲಿ ಒಂದು ಬಗೆಯ ಸಂಗ್ರಹಕಾರರಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳ, ಅಂದರೆ ಯೂ-ಬೋಟುಗಳ, ನಾವಿಕರು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಬಿಲ್ಲೆಗಳನ್ನು ಇವರು ಹಣ ಕೊಟ್ಟು ಕೊಂಡು ಜೋಪಾನ ಮಾಡುತ್ತಾರೆ. ಇವರ ವಿಷಯದಲ್ಲಿ ಆ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವುದು ನಮಗೆ ಸರಿತೋರುವುದಿಲ್ಲ.

ಈ ಬಿಲ್ಲೆಗಳು ಸರ್ಕಾರ ಕೊಟ್ಟ ಪದಕಗಳಲ್ಲ. ಒಂದೊಂದು ನೌಕೆಯವರೂ ತಮಗೆಂದು ಒಂದು ಚಿತ್ರವನ್ನು ಆರಿಸಿಕೊಂಡು ನೌಕೆಯ ಗೋಪುರದ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು. ಅದನ್ನೇ ಹಿತ್ತಾಳೆಯಲ್ಲಿಯೋ ತಗಡಿನಲ್ಲಿಯೋ ಚಿಕ್ಕದಾಗಿ ಕತ್ತರಿಸಿ ಟೋಪಿಯ ಪಕ್ಕಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಯೂ-99ರ ಲಂಗರಿಗೆ ಒಮ್ಮೆ ಕುದುರೆಯ ಲಾಳ ಸಿಕ್ಕಿಕೊಂಡು ಬಂದಿತಂತೆ. ಲಾಳವೇ ಅದರ ಲಾಂಛನವಾಯಿತು. ಯೂ-96ರದು ನಗುವ ಗರಗಸಮೀನು. ಯೂ-47ರದು ಮೂಗಿನಿಂದ ಬುಸುಗುಡುವ ಗೂಳಿ. 1939ರ ಅಕ್ಟೋಬರ್ 14ರಂದು ಆ ನೌಕೆ ಸ್ಕಾಪಾ ಫ್ಲೋ ಎಂಬ ಬ್ರಿಟಿಷ್ ನೌಕಾನೆಲೆಯೊಳಗೆ ನುಸುಳಿ ‘ರಾಯಲ್ ಓಕ್’ ಯುದ್ಧನೌಕೆಯನ್ನು ಮುಳುಗಿಸಿ, ಎಂಟುನೂರಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾಗಿ ಮರಳುವಾಗ ಬರೆದದ್ದು. ಮುಂದೆ ಆ ಗೂಳಿ ಏಳನೆಯ ಯೂ-ಬೋಟ್ ದಳಕ್ಕೆಲ್ಲ ಗುರುತಾಯಿತು. ಒಟ್ಟಿನಲ್ಲಿ ಪ್ರಾಣಿಗಳು, ನಗೆಚಿತ್ರಗಳು, ಅದೃಷ್ಟದ ಗುರುತುಗಳು. ಶಾಲೆಯ ಹುಡುಗರ ನೋಟುಬುಕ್ಕಿನ ರಟ್ಟಿನ ಮೇಲೆ ಇದ್ದರೂ ಒಪ್ಪುವಂಥವು.

ಸಂಗ್ರಹಕಾರರ ಸಮಾಧಾನವೂ ಇಲ್ಲಿಯೇ ಇದೆ. ಈ ಬಿಲ್ಲೆಗಳಲ್ಲಿ ಬಹುಪಾಲು ನಾತ್ಸಿಗಳ ಸ್ವಸ್ತಿಕವಿಲ್ಲ. “ನಾವು ಹಿಟ್ಲರನ ಗುರುತನ್ನು ಇಟ್ಟುಕೊಂಡಿಲ್ಲ, ಇಪ್ಪತ್ತರ ಆಸುಪಾಸಿನ ಹುಡುಗರ ಕೈಗೆಲಸವನ್ನು ಇಟ್ಟುಕೊಂಡಿದ್ದೇವೆ” ಎಂದು ಅವರು ಹೇಳಬಹುದು. ಈ ಮಾತಿನಲ್ಲಿ ತೂಕವಿಲ್ಲವೆನ್ನಲಾಗದು. ಆ ನೌಕೆಗಳಲ್ಲಿ ಹೊರಟ ಸುಮಾರು 40,000 ಮಂದಿಯಲ್ಲಿ 30,000ದಷ್ಟು ಜನ ಮರಳಲಿಲ್ಲ. ಗೂಳಿಯ ನೌಕೆಯೂ 1941ರ ಮಾರ್ಚಿಯಲ್ಲಿ ತನ್ನವರೆಲ್ಲರೊಡನೆ ಕಡಲು ಸೇರಿತು. ಸತ್ತ ಮಗನ ಟೋಪಿಯ ಬಿಲ್ಲೆಯನ್ನು ಒಬ್ಬ ತಾಯಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಅದನ್ನು ತಪ್ಪೆನ್ನುವ ಧೈರ್ಯ ನಮಗಿಲ್ಲ.

ಆದರೆ ಕೊಂಡು ಕೂಡಿಡುವವನು ಆ ತಾಯಿಯಲ್ಲ.

ಯೂ-48 ಎಂಬ ನೌಕೆಯ ಲಾಂಛನ ಬೆನ್ನು ಗೂನಿಸಿ ನಿಂತ ಒಂದು ಕರಿಬೆಕ್ಕು. 1940ರ ಸೆಪ್ಟೆಂಬರ್ 17ರ ರಾತ್ರಿ ಅಟ್ಲಾಂಟಿಕ್ ಸಾಗರದಲ್ಲಿ ಈ ನೌಕೆ ಹಾರಿಸಿದ ಟಾರ್ಪೆಡೊ ‘ಸಿಟಿ ಆಫ್ ಬೆನಾರಸ್’ ಎಂಬ ಪ್ರಯಾಣಿಕ ಹಡಗಿಗೆ ತಗುಲಿತು. ಹೆಸರೇ ಹೇಳುವಂತೆ ಅದು ಇಂಡಿಯಾದ ಮಾರ್ಗಕ್ಕೆಂದು ಕಟ್ಟಿದ ಹಡಗು. ಅಂದು ಬಾಂಬುಗಳ ಭಯದಿಂದ ಇಂಗ್ಲೆಂಡು ಹೊರಗೆ ಕಳುಹಿಸಿದ ಮಕ್ಕಳನ್ನು ಹೊತ್ತು ಕೆನಡಾಕ್ಕೆ ಹೊರಟಿತ್ತು. ಸರ್ಕಾರದ ಯೋಜನೆಯಲ್ಲಿ ಹೊರಟಿದ್ದ 90 ಮಕ್ಕಳಲ್ಲಿ 77 ಮಂದಿ ಸತ್ತರು. ಹಡಗಿನಲ್ಲಿ ದುಡಿಯುತ್ತಿದ್ದ ‘ಲಸ್ಕರ’ರು, ಅಂದರೆ ನಮ್ಮ ದೇಶದ ಖಲಾಸಿಗಳು, ನೂರರಷ್ಟು ಮಂದಿ ಸತ್ತರು. ಒಂದು ದೋಣಿ ಎಂಟು ದಿನ ತೇಲಿತು. ಅದರಲ್ಲಿ ಆರು ಮಂದಿ ಹುಡುಗರೂ ಮೂವತ್ತಕ್ಕೂ ಹೆಚ್ಚು ಖಲಾಸಿಗಳೂ ಇದ್ದರು. ಹಡಗಿನಲ್ಲಿ ಮಕ್ಕಳಿದ್ದುದು ತಮಗೆ ತಿಳಿಯದೆಂದು ಯೂ-ಬೋಟಿನವರು ಮುಂದೆ ಹೇಳಿದರು. ಅದು ನಿಜವೇ ಇರಬಹುದು. ನಮ್ಮ ಪ್ರಶ್ನೆ ಅವರನ್ನು ಕುರಿತದ್ದಲ್ಲ. ಈಗ ಎಲ್ಲವನ್ನೂ ತಿಳಿಯಬಲ್ಲ, ಕರಿಬೆಕ್ಕನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡವನನ್ನು ಕುರಿತದ್ದು.

ಈ ಹವ್ಯಾಸದ ಒಳಹೊಕ್ಕು ನೋಡಿದರೆ ಒಂದು ವಿಚಿತ್ರ ಕಾಣಬರುತ್ತದೆ. ಬರಿಯ ತಗಡಿನ ಕೆಲಸವಾದ್ದರಿಂದ ಇದರಲ್ಲಿ ನಕಲಿಗಳ ಹಾವಳಿ ವಿಪರೀತ. ಆದಕಾರಣ ಸಂಗ್ರಹಕಾರ ಹಿಂದಿನ ಪಿನ್ನನ್ನು ನೋಡುತ್ತಾನೆ, ಬೆಸುಗೆಯನ್ನು ನೋಡುತ್ತಾನೆ, ಬಣ್ಣದ ಹಳತನವನ್ನು ಭೂತಗನ್ನಡಿ ಹಿಡಿದು ನೋಡುತ್ತಾನೆ. ಯಾವ ನಾವಿಕನ ಮನೆಯಿಂದ ಬಂದಿತೆಂದು ಕಾಗದಪತ್ರ ಕೇಳುತ್ತಾನೆ. ಕಾಸಗಲದ ತಗಡಿನ ವಿಷಯದಲ್ಲಿ ಇಷ್ಟೊಂದು ಸತ್ಯನಿಷ್ಠೆ! (ನಮ್ಮ ಅಕ್ಕಸಾಲಿಗರು ಕೂಡ ಇಷ್ಟು ಒರೆಹಚ್ಚಲಾರರು.) ಆದರೆ ಆ ತಗಡು ಟೋಪಿಯ ಮೇಲಿದ್ದಾಗ ನಡೆದದ್ದೇನು ಎಂಬ ಸತ್ಯಕ್ಕೆ ಬಂದಾಗ, ‘ಇಷ್ಟು ಟನ್ ಮುಳುಗಿಸಿದ ನೌಕೆ’ ಎಂಬಲ್ಲಿಗೆ ನಿಲ್ಲುತ್ತದೆ. ಟನ್ನಿನ ಲೆಕ್ಕ ಯುದ್ಧಕಾಲದ ಜರ್ಮನಿಯದು. ಒಂದು ಲಕ್ಷ ಟನ್ ಮುಳುಗಿಸಿದ ಕಪ್ತಾನನಿಗೆ ‘ನೈಟ್ಸ್ ಕ್ರಾಸ್’ ಪದಕ ಕಾದಿರುತ್ತಿತ್ತು. ನೌಕೆ ಹೆಸರಾದದ್ದು ಆ ಲೆಕ್ಕದಿಂದ. ಹೆಸರಾದ ನೌಕೆಯ ಬಿಲ್ಲೆಗೇ ಹೆಚ್ಚಿನ ಬೇಡಿಕೆ. ಹೀಗೆ ಸ್ವಸ್ತಿಕವನ್ನು ಹೊರಗಿಟ್ಟೆನೆಂದು ನೆಮ್ಮದಿಯಾಗಿರುವವನು ಅದರ ಅಳತೆಗೋಲನ್ನು ಮಾತ್ರ ಮನೆಯೊಳಗೆ ಇಟ್ಟುಕೊಂಡಿದ್ದಾನೆ. ತಪ್ಪು ಇರುವುದು ಇಲ್ಲಿ ಎಂಬುದು ನಮ್ಮ ಎಣಿಕೆ.

ಹಾಗಾದರೆ ಎಲ್ಲವನ್ನೂ ಕರಗಿಸಿಬಿಡಬೇಕೇ? ನಮಗೆ ಹಾಗೆನ್ನಿಸುವುದಿಲ್ಲ. ಕರಗಿಸಿದರೆ ಕೊಂದವರ ಮುಖದಲ್ಲಿ ನಗೆಯೂ ಇತ್ತು, ಅವರೂ ಬೆಕ್ಕಿನ ಚಿತ್ರ ಬರೆಯುವ ಸಾಧಾರಣ ಹುಡುಗರೇ ಆಗಿದ್ದರು ಎಂಬ ಸಾಕ್ಷಿ ಅಳಿಸಿಹೋಗುತ್ತದೆ. ರಾಕ್ಷಸರು ಮಾತ್ರ ಇಂಥದನ್ನು ಮಾಡಬಲ್ಲರೆಂಬ ಸುಲಭವಾದ ಭ್ರಮೆ ಉಳಿಯುತ್ತದೆ. ಇಟ್ಟುಕೊಳ್ಳಲಿ. ಆದರೆ ಬಿಲ್ಲೆಯ ಕೆಳಗಿನ ಚೀಟಿಯಲ್ಲಿ ಕಪ್ತಾನನ ಹೆಸರಿರುವಂತೆ ಮುಳುಗಿದ ಹಡಗುಗಳ ಹೆಸರುಗಳೂ ಇರಲಿ, ಸತ್ತವರ ಎಣಿಕೆಯೂ ಇರಲಿ. ಚೀಟಿಯಲ್ಲಿ ಜಾಗ ಸಾಲದಿದ್ದರೆ ಪೆಟ್ಟಿಗೆಯನ್ನೇ ದೊಡ್ಡದು ಮಾಡಿಸಲಿ. ಅದರಿಂದ ನೋಡುವ ಸಂತೋಷ ಕುಂದುವುದಾದರೆ, ಆ ಸಂತೋಷ ಯಾವುದರದಾಗಿತ್ತೆಂದು ಅವನೇ ಯೋಚಿಸಬೇಕಾಗುತ್ತದೆ.

ಟಾರ್ಪೆಡೊ ತಗುಲಿದ ಕಡೆಯವರಿಗೆ ಇಂಥ ಬಿಲ್ಲೆಗಳಿರಲಿಲ್ಲ. ಖಲಾಸಿಯ ಟೋಪಿಯನ್ನು ಹರಾಜಿನಲ್ಲಿ ಕೂಗಿದವರನ್ನು ನಾವು ಕೇಳಿಲ್ಲ. ಆ ಯುದ್ಧದಲ್ಲಿ ಕಡಲಿನಲ್ಲಿ ಕಣ್ಮರೆಯಾದ ಅವಿಭಕ್ತ ಭಾರತದ 6,000ಕ್ಕೂ ಹೆಚ್ಚು ನಾವಿಕರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅದರ ಒಂದು ಪ್ರತಿ ಚಿತ್ತಗಾಂಗಿನಲ್ಲಿದೆ. ಇನ್ನೊಂದು ನಮ್ಮ ಮುಂಬಯಿಯಲ್ಲಿಯೇ, ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮಿನಲ್ಲಿ, ನಾವೆಲ್ಲ ಲೋಕಲ್ ಗಾಡಿಯಲ್ಲಿ ನಿತ್ಯ ಹಾದುಹೋಗುವ ನಿಲ್ದಾಣದ ಆಚೆಗೆ.