ಅಕ್ಕನ ಬಾಯಿಗೆ ಬಾರದ ಹಾಡು

ಕೀರ್ತನೆ 13 ತೆಗೀರಿ. ಚಿಕ್ಕದು, ಆರೇ ವಚನ.

ಕೆಲವು ವರ್ಷಗಳ ಹಿಂದೆ ನಾನು ನಮ್ಮ ಸಭೆಗಾಗಿ ಒಂದು ಹಾಡು ಬರೆದೆ. ಮೊದಲಿಂದ ಕೊನೆವರೆಗೂ ಜಯ, ಸಂತೋಷ. ಯೌವನಸ್ಥರು ಕುಣಿದರು. ಆರಾಧನೆ ಮುಗಿದ ಮೇಲೆ ಒಬ್ಬ ಅಕ್ಕ ಬಂದು, "ಪಾಸ್ಟರ್, ಹಾಡು ಚೆನ್ನಾಗಿದೆ. ಆದ್ರೆ ನನ್ನ ಬಾಯಿಗೆ ಬರ್ಲಿಲ್ಲ" ಅಂದ್ರು. ಅವರ ಯಜಮಾನ್ರು ತೀರಿಹೋಗಿ ಒಂದು ತಿಂಗಳೂ ಆಗಿರಲಿಲ್ಲ.

ಆ ರಾತ್ರಿ ಈ ಕೀರ್ತನೆ ನನ್ನನ್ನು ಹಿಡಿಯಿತು. ಮೊದಲ ಎರಡು ವಚನಗಳಲ್ಲೇ ದಾವೀದನು ನಾಲ್ಕು ಸಲ ಕೇಳುತ್ತಾನೆ: ಇನ್ನೂ ಎಷ್ಟರವರೆಗೆ, ಕರ್ತನೇ? ಆಮೇಲೆ ಬೇಡುತ್ತಾನೆ. ಕೊನೆಗೆ ಹಾಡುತ್ತಾನೆ. ನಾನು ಕೊನೆಯ ವಚನ ಮಾತ್ರ ಬರೆದಿದ್ದೆ. ಅಕ್ಕ ಇನ್ನೂ ಮೊದಲನೇ ವಚನದಲ್ಲಿದ್ದರು! ಇದರ ತಲೆಬರಹ ನೋಡಿ, ಅಲ್ಲಿ ಪ್ರಧಾನಗಾಯಕನ ಮಾತಿದೆ. ಅಂದರೆ ದಾವೀದನ ಕಣ್ಣೀರು ಅವನ ಕೋಣೆಯಲ್ಲೇ ಉಳಿಯಲಿಲ್ಲ, ಇಡೀ ಸಭೆಯ ಹಾಡಾಯಿತು. ಕೀರ್ತನೆ 88 ಅಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಪವಿತ್ರಾತ್ಮನು ಅದನ್ನೂ ಬೈಬಲಿನಿಂದ ತೆಗೆಯಲಿಲ್ಲ. ಹಲ್ಲೆಲೂಯ!

ಹಾಡು ಬರೆಯುವ ತಮ್ಮಂದಿರೇ, ತಂಗಿಯರೇ, ಕೊಲೊಸ್ಸೆ 3:16ರಲ್ಲಿ ಪೌಲನು ಹೇಳೋದೇನು? ಹಾಡಿನಿಂದಲೂ ನಾವು ಒಬ್ಬರಿಗೊಬ್ಬರು ಬೋಧಿಸುತ್ತೇವೆ, ಬುದ್ಧಿ ಹೇಳುತ್ತೇವೆ. ನನ್ನ ಪ್ರಸಂಗ ಸೋಮವಾರಕ್ಕೆ ಮರೆತುಹೋಗಬಹುದು. ನಿಮ್ಮ ಹಾಡನ್ನು ಪಾತ್ರೆ ತೊಳೆಯುವಾಗಲೂ ಗುನುಗುತ್ತಾರೆ. ಆದ್ದರಿಂದ ಟ್ಯೂನ್ ಹಾಕುವ ಮೊದಲು ಪ್ರತಿ ಸಾಲನ್ನೂ ವಾಕ್ಯದ ಮುಂದೆ ಇಡಿ, ಹಿರಿಯರಿಗೆ ತೋರಿಸಿ.

ಕನ್ನಡವನ್ನೂ ಗೌರವಿಸಿ. ಬೇರೆ ಭಾಷೆಯ ಟ್ಯೂನಿಗೆ ನಮ್ಮ ಪದ ತುರುಕಿದರೆ ಹ್ರಸ್ವ ದೀರ್ಘವಾಗಿಬಿಡುತ್ತದೆ. ನಾನು "ನಿನ್ನ ಬಲ" ಅಂತ ಬರೆದಿದ್ದೆ, ಎಳೆದೂ ಎಳೆದೂ ಅದು "ನಿನ್ನ ಬಾಲ" ಆಯ್ತು. ಸಂಡೇ ಸ್ಕೂಲ್ ಮಕ್ಕಳು ನಕ್ಕಿದ್ದು ಇನ್ನೂ ನೆನಪಿದೆ! ಸ್ಕೇಲ್ ಕೂಡ ಅಷ್ಟೇ. ಮೈಕ್ ಇಲ್ಲದೆ, ಕೀಬೋರ್ಡ್ ಇಲ್ಲದೆ ನಿಮ್ಮ ಅಮ್ಮನ ಜೊತೆ ಹಾಡಿ ನೋಡಿ. ಅವರ ಗಂಟಲು ಮುಟ್ಟದ ಸ್ವರ ಸಭೆಗೆ ಬೇಡ. ನಾವು ಹಾಡಿ ಸಭೆ ನೋಡ್ತಾ ನಿಂತರೆ ಅದು ಪ್ರೋಗ್ರಾಂ, ಆರಾಧನೆ ಅಲ್ಲ.

ಆಮೇಲೆ ನಾನು ಆ ಅಕ್ಕನ ಮನೆಗೆ ಹೋಗಿ, "ನೀವು ದೇವರ ಹತ್ರ ಏನಂತ ಅಳ್ತೀರಿ?" ಅಂತ ಕೇಳಿದೆ. ಅವರ ಅನುಮತಿಯಿಂದ, ಅವರ ಮಾತಿನಿಂದಲೇ ಹಾಡು ಶುರು ಮಾಡಿದೆ. ಭಾನುವಾರ ಅವರು ಎರಡು ಸಾಲು ಹಾಡಿದರು, ಮೂರನೆಯದಕ್ಕೆ ಗಂಟಲು ಕಟ್ಟಿತು. ಪಕ್ಕದಲ್ಲಿದ್ದವರು ಅವರ ಕೈ ಹಿಡಿದು ಆ ಸಾಲನ್ನು ಹಾಡಿದರು. ಸಭೆ ಅಂದ್ರೆ ಅದೇ, ದೇವಜನರೇ.

ಈ ವಾರ ಹಾಡು ಬರೆಯುವ ಮೊದಲು, ಸುಮ್ಮನೆ ನಿಂತಿರುವ ಒಬ್ಬರ ಪಕ್ಕದಲ್ಲಿ ಹೋಗಿ ಕೂತ್ಕೊಳ್ಳಿ. ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಆಮೆನ್.