ಒಲೆಯ ಮುಂದೆ ಕೂತವಳ ಲೆಕ್ಕ

ಇದ್ದುದರಲ್ಲಿ ತೃಪ್ತಿಯಿಂದಿರು ಎನ್ನುವ ಮಾತು ನಮ್ಮ ಕೈವಾರದಲ್ಲಿ ಮಕ್ಕಳ ಕಿವಿಗೂ ಬಿದ್ದಿರುತ್ತದೆ. ಅಮರನಾರೇಯಣ ಸ್ವಾಮಿಯ ಗುಡಿಯಿದೆ, ಮಠದಲ್ಲಿ ಭಜನೆಯಿದೆ, ಗುರುಪೂರ್ಣಿಮೆ ಬಂತೆಂದರೆ ಹಗಲು ರಾತ್ರಿ ಸಂಗೀತ. ಅದೇ ಊರಿನ ಜಗಲಿಗಳ ಮೇಲೆ ಹೆಂಗಸರು ಹುಣಸೆಹಣ್ಣು ಬಿಡಿಸುತ್ತ, ಹೂ ಕಟ್ಟುತ್ತ, ಸೀರೆ ಸೆರಗಿಗೆ ಕುಚ್ಚು ಹಾಕುತ್ತ ತಿಂಗಳಿಗೆ ನಾಲ್ಕು ಕಾಸು ಹೆಚ್ಚಿಗೆ ಬರಲಿ ಎಂದು ಕೂತಿರುತ್ತಾರೆ. ನನ್ನ ಬಳಿ ಕುಚ್ಚು ಕಲಿಯಲು ಬಂದ ಹುಡುಗಿಯೊಬ್ಬಳು ಕೇಳಿದಳು: "ಆಂಟಿ, ನಮ್ಮನೆಯವರ ಸಂಬಳದಲ್ಲಿ ಊಟಕ್ಕೇನೂ ಕೊರತೆಯಿಲ್ಲ. ಆದರೂ ಇನ್ನೊಂಚೂರು ಬೇಕು ಅನ್ಸುತ್ತೆ. ಇದು ದುರಾಸೆ ಅಲ್ವಾ?"

ಪ್ರಶ್ನೆ ಸಣ್ಣದಲ್ಲ. ನಮ್ಮೂರಿನ ದೇವರಂಥ ಮನುಷ್ಯನ ಬದುಕೇ ಈ ಪ್ರಶ್ನೆಯ ಮೇಲೆ ನಿಂತಿದೆ. ಕೈವಾರದ ತಾತಯ್ಯ, ಅಂದರೆ ಯೋಗಿ ನಾರೇಯಣ ಯತೀಂದ್ರರು, ಯೋಗಿಯಾಗುವ ಮುಂಚೆ ಬಳೆಗಾರರು. ಹದಿನೆಂಟನೇ ಶತಮಾನದಲ್ಲಿ ಇದೇ ಸೀಮೆಯಲ್ಲಿ ಬಳೆ ಮಲಾರ ಹೊತ್ತು ಊರೂರು ತಿರುಗಿದವರು. ಆಮೇಲೆ ತೆಲುಗು ಕನ್ನಡ ಎರಡರಲ್ಲೂ ತತ್ವಪದ ಹಾಡಿದರು, ಕಾಲಜ್ಞಾನ ಬರೆದರು. ನಮ್ಮಜ್ಜಿ ಹೇಳುತ್ತಿದ್ದ ಕಥೆಯಲ್ಲಿ ತಾತಯ್ಯನವರಿಗೆ ವ್ಯಾಪಾರ ಕೈಹತ್ತಲಿಲ್ಲ. ಬಳೆ ತೊಡಿಸಿ ಬರುತ್ತಿದ್ದರು, ದುಡ್ಡು ಕೇಳಿ ವಸೂಲು ಮಾಡಲು ಬಾಯಿ ಬರುತ್ತಿರಲಿಲ್ಲ. ಮನೆಗೆ ಬಂದರೆ ಹೆಂಡತಿ ರೇಗುತ್ತಿದ್ದಳು. ಆ ರೇಗಾಟವೇ ಅವರನ್ನು ಗುರುವಿನ ಕಡೆಗೆ ತಳ್ಳಿತು ಎನ್ನುತ್ತಾರೆ. ಕಥೆ ಹೇಳುವವರು ಇಲ್ಲಿ ಹೆಂಡತಿಯನ್ನು ಗಯ್ಯಾಳಿ ಮಾಡಿ ಮುಂದೆ ಹೋಗುತ್ತಾರೆ. ನನಗೆ ಮಾತ್ರ ಆಕೆಯನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ರಾಗಿ ಮಡಕೆಯ ತಳ ಕಂಡವಳು ಆಕೆ. ಸಾಲದು ಎಂದಳು. ಅದರಲ್ಲಿ ಏನು ಪಾಪ?

ಇನ್ನೊಬ್ಬ ಹೆಂಡತಿಯ ಕಥೆ ಇದಕ್ಕಿಂತ ಆರೇಳು ನೂರು ವರ್ಷ ಹಿಂದಿನದು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಲಕ್ಕಮ್ಮ ದಂಪತಿ. ಶರಣರ ಮನೆಯಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನವರೇ ಪರೀಕ್ಷೆಗೆಂದು ಹೆಚ್ಚು ಚೆಲ್ಲಿಸಿದ್ದರು ಎನ್ನುತ್ತದೆ ಪರಂಪರೆ. ಲಕ್ಕಮ್ಮ ಕೈಯಲ್ಲಿ ಹಿಡಿದು ನೋಡಿದವಳೇ, ಇಷ್ಟು ನಮಗೆ ಬೇಡ, ಹೋಗಿ ಅಲ್ಲೇ ಸುರಿದು ಬಾ ಎಂದು ಕಳಿಸಿದಳು.

ಒಬ್ಬಳು ಸಾಲದು ಎಂದಳು, ಇನ್ನೊಬ್ಬಳು ಹೆಚ್ಚಾಯಿತು ಎಂದಳು. ಮೇಲ್ನೋಟಕ್ಕೆ ಒಬ್ಬಳು ಸಂಸಾರಿ, ಇನ್ನೊಬ್ಬಳು ಶರಣೆ. ನನಗೆ ಕಾಣುವುದು ಇಬ್ಬರಿಗೂ ಒಂದೇ ಆದ ಅಧಿಕಾರ. ಎಷ್ಟು ಅಕ್ಕಿಗೆ ಎಷ್ಟು ಜನ ಉಣ್ಣುತ್ತಾರೆ ಎಂಬುದು ಒಲೆಯ ಮುಂದೆ ಕೂತವಳಿಗೆ ಗೊತ್ತು. ಲಕ್ಕಮ್ಮನಿಗೆ ಬೇಡ ಎನ್ನುವ ಹಕ್ಕು ಬಂದದ್ದು ಬೇಕಾದಷ್ಟು ಎಷ್ಟು ಎಂದು ಅಳೆದು ಗೊತ್ತಿದ್ದರಿಂದ. ಬಸವಣ್ಣನವರೂ ಆ ಮನೆಗೆ ಬಂದು ಅಳತೆ ಹೇಳಲಿಲ್ಲ. ಹಾಗಾಗಿ ಹುಣಸೆಹಣ್ಣು ಬಿಡಿಸುವವಳಿಗೆ ವೇದಿಕೆ ಮೇಲೆ ಕೂತು ತೃಪ್ತಿಯ ಪಾಠ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟು ಸಾಕು ಎನ್ನುವುದನ್ನು ಅವಳೇ ಹೇಳಬೇಕು. ಹೇಳಬೇಕು ಎಂಬುದೂ ಅಷ್ಟೇ ಗಟ್ಟಿಯಾದ ಮಾತು. ಅಳತೆಯೇ ಇಲ್ಲದೆ ಇನ್ನಷ್ಟು, ಮತ್ತಷ್ಟು ಎಂದು ಓಡಿದರೆ ಲಕ್ಕಮ್ಮ ಒಪ್ಪುತ್ತಿರಲಿಲ್ಲ.

ಹುಣಸೆಯ ಕೆಲಸ ಹತ್ತಿರದಿಂದ ನೋಡಿದವರು ಕಡಿಮೆ. ಶಿವರಾತ್ರಿ ಆಸುಪಾಸಿಗೆ ಮರ ಬಡಿಸಿದ ಕಾಯಿ ಮೂಟೆಗಳಲ್ಲಿ ಮನೆಬಾಗಿಲಿಗೆ ಬರುತ್ತದೆ. ಬಿಸಿಲಿಗೆ ಹರವಿದರೆ ಓಡು ಗರಿಗರಿಯಾಗಿ ಬಿರಿಯುತ್ತದೆ. ಓಡು ತೆಗೆದು, ನಾರು ಎಳೆದು, ಹಣ್ಣನ್ನು ಕಲ್ಲಿನ ಮೇಲಿಟ್ಟು ಸಣ್ಣ ಕೊಡತಿಯಲ್ಲಿ ತಟ್ಟಿದರೆ ಬೀಜ ಒಂದೊಂದೇ ಹೊರಗೆ ಬರುತ್ತದೆ. ಜೋರಾಗಿ ಹೊಡೆದರೆ ಬೀಜ ಒಡೆದು ಹಣ್ಣಿನಲ್ಲಿ ಸೇರಿಕೊಳ್ಳುತ್ತದೆ, ಮೆತ್ತಗೆ ಹೊಡೆದರೆ ಬಿಡುವುದೇ ಇಲ್ಲ. ಹುಳಿಗೆ ಬೆರಳ ತುದಿ ಬೆಳ್ಳಗಾಗಿ ಸುಲಿಯುತ್ತದೆ. ಸಂಜೆ ಸಾರಿಗೆ ಖಾರದಪುಡಿ ಹಾಕುವಾಗ ಅದರ ಉರಿ ಏನೆಂದು ಗೊತ್ತಾಗುತ್ತದೆ. ಕೂಲಿ ಕಿಲೋ ಲೆಕ್ಕ. ತೂಕ ಹಾಕುವವರು ಮೂಟೆ ತಂದವರೇ. ಓಡು, ನಾರು ಕಳೆದು ಇಷ್ಟು ಹಣ್ಣು ಬರಲೇಬೇಕು ಎನ್ನುತ್ತಾರೆ, ಕಡಿಮೆ ಬಿದ್ದರೆ ಮುರಿದುಕೊಳ್ಳುತ್ತಾರೆ. ಕೂಲಿ ಹೆಚ್ಚಿಸಿ ಎಂದರೆ ಬರುವ ಉತ್ತರ ಎಲ್ಲ ಕಡೆಯೂ ಒಂದೇ: ಮನೇಲಿ ಸುಮ್ನೆ ಕೂತಿರೋ ಹೊತ್ತಲ್ವೇನಮ್ಮ.

ನನ್ನ ಸಿಟ್ಟು ಇಲ್ಲಿದೆ. ಹೆಚ್ಚಿಗೆ ಬಯಸುವ ಹೆಂಗಸಿನ ಆಸೆಯನ್ನು ಧರ್ಮದ ತಕ್ಕಡಿಯಲ್ಲಿಟ್ಟು ತೂಗುವವರು, ಅವಳ ಹೊತ್ತಿಗೆ ಬೆಲೆಯಿಲ್ಲ ಎನ್ನುವವನ ಆಸೆಯನ್ನು ತೂಗುವುದೇ ಇಲ್ಲ. ಆ ಹೊತ್ತಿಗೆ ಬೆಲೆಯಿದೆ ಎಂದವರೂ ಇದ್ದರು. ಗಾಂಧೀಜಿ 1927ರಲ್ಲಿ ಕಾಯಿಲೆಯಿಂದ ಸುಧಾರಿಸಿಕೊಳ್ಳಲು ನಮ್ಮ ನಂದಿಬೆಟ್ಟಕ್ಕೆ ಬಂದಿದ್ದರು. ಆ ಹೊತ್ತಿಗೆ ಅವರು ದೇಶಕ್ಕೆಲ್ಲ ಹೇಳುತ್ತಿದ್ದುದು ಇದನ್ನೇ: ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ಮನೆಯಲ್ಲಿ ನೂಲಿ, ಕೈಗೆ ನಾಲ್ಕು ಕಾಸು ಬರುತ್ತದೆ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ನೂಲುವ ಹೆಂಗಸರಿಗೆ ಸಿಗುತ್ತಿದ್ದುದು ಹೊಟ್ಟೆಗೂ ಸಾಲದ ಕೂಲಿ ಎಂದು ಮನಗಂಡು, 1935ರಲ್ಲಿ ಖಾದಿಯ ಬೆಲೆ ಏರಿದರೂ ಸರಿ, ಅವರ ಕೂಲಿ ಏರಲೇಬೇಕು ಎಂದು ಪಟ್ಟು ಹಿಡಿದರು. ಬಿಡುವಿನ ಹೊತ್ತಿನ ದುಡಿಮೆಯೂ ದುಡಿಮೆಯೇ ಎಂದು ಒಪ್ಪಿದ ಆ ನಡೆ ನನಗೆ ಅವರ ಎಷ್ಟೋ ಉಪದೇಶಗಳಿಗಿಂತ ದೊಡ್ಡದು.

ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ಸ್ವಲ್ಪವೇ. ಬಂಡವಾಳ ಬೇಡದ ಕೆಲಸ ಮೊದಲು ಹಿಡಿಯಿರಿ. ಹೂ ಕಟ್ಟುವುದಾದರೆ ಮನೆ ದೇವರಿಗೆ ಕಟ್ಟಿ ಕಟ್ಟಿ ಕೈ ಕೂರಲಿ, ಆಮೇಲೆ ಮಾರಿನ ಲೆಕ್ಕಕ್ಕೆ ಒಪ್ಪಿಕೊಳ್ಳಿ. ಕುಚ್ಚಾದರೆ ಬೇಬಿ ಕುಚ್ಚಿನಿಂದ ಶುರುಮಾಡಿ, ಗಂಟು ಒಂದೇ ಸಮ ಬಿದ್ದ ಮೇಲೆ ಕ್ರೋಶಾ ಹಿಡಿಯಿರಿ. ರೇಷ್ಮೆ ಸೀರೆಯನ್ನು ಹೊಸ ಕೈಯಲ್ಲಿ ಮುಟ್ಟಬೇಡಿ. ಕೆಲಸ ಕೊಡುತ್ತೇವೆ, ಮೊದಲು ಡಿಪಾಸಿಟ್ ಕಟ್ಟಿ ಎಂದು ಫೋನಿನಲ್ಲಿ ಹೇಳುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಡೈರಿಗೆ ಹಾಲು ಹಾಕುವವರು ಬಟವಾಡೆ ಚೀಟಿ ಇಟ್ಟುಕೊಳ್ಳುವ ಹಾಗೆ ಕೊಟ್ಟದ್ದು, ಬಂದದ್ದು ಬರೆದಿಡಿ. ಬಂದ ದುಡ್ಡನ್ನು ಏನು ಮಾಡಬೇಕೆಂದು ಬುದ್ಧ ಸಿಗಾಲನೆಂಬ ಗೃಹಸ್ಥನಿಗೆ ಹೇಳಿದ್ದಿದೆ: ನಾಲ್ಕು ಪಾಲಿನಲ್ಲಿ ಒಂದನ್ನು ಅನುಭವಿಸು, ಎರಡನ್ನು ಕೆಲಸಕ್ಕೆ ಹಾಕು, ಒಂದನ್ನು ಕಷ್ಟಕಾಲಕ್ಕೆ ಇಡು. ಸನ್ಯಾಸಿ ಹೇಳಿದ ಆ ಲೆಕ್ಕದಲ್ಲಿ ಅನುಭವಿಸುವ ಪಾಲು ಮೊದಲು ಬರುತ್ತದೆ. ಸ್ವಂತ ದುಡ್ಡಿನಲ್ಲಿ ಒಂದು ಡಜನ್ ಗಾಜಿನ ಬಳೆ ಕೊಂಡವಳನ್ನು ಯಾರೂ ಬೈಯಬಾರದು.

ಈ ಸಲದ ಸುಗ್ಗಿಗೆ ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದವರು ಸಂಘದ ದುಡ್ಡಿನಲ್ಲೇ ಒಂದು ತೂಕದ ಯಂತ್ರ ತರಬೇಕೆಂದು ಮಾತಾಡಿಕೊಂಡಿದ್ದಾರೆ. ಮೂಟೆ ಇಳಿಸುವಾಗ ಒಮ್ಮೆ, ಹಣ್ಣು ಕೊಡುವಾಗ ಒಮ್ಮೆ ಜಗಲಿಯ ಮೇಲೆಯೇ ತೂಗುವುದು. ಮೂಟೆ ತರುವವರು ಒಪ್ಪದಿದ್ದರೆ ಬಿಡಿಸುವುದಿಲ್ಲ ಎಂಬುದಕ್ಕೆ ಇನ್ನೂ ಎಲ್ಲರ ಒಪ್ಪಿಗೆ ಸಿಕ್ಕಿಲ್ಲ. ಕೆಲವರ ಮನೆಯಲ್ಲಿ ಆ ದುಡ್ಡಿಲ್ಲದೆ ನಡೆಯುವುದಿಲ್ಲ. ಅವರನ್ನು ಬಿಟ್ಟು ತೀರ್ಮಾನ ಮಾಡುವುದು ಬೇಡ ಎಂದು ನಾನು ಹೇಳಿದ್ದೇನೆ.